ನೀರಡಿಕೆಯನ್ನು ನಂಬಬಹುದೇ?

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಐದು ಕಿಲೋಮೀಟರ್ ಓಡಲು ಬಂದವರ ಸೊಂಟದಲ್ಲೂ ಈಗ ಪುಟ್ಟ ಬಾಟಲಿ. ಒಳಗೆ ಕರಗುತ್ತಿರುವ ಎಲೆಕ್ಟ್ರೊಲೈಟ್ ಮಾತ್ರೆ. ಬಾಯಾರುವ ಮೊದಲೇ ಕುಡಿಯಬೇಕು, ಬಾಯಾರಿದ ಮೇಲೆ ಕುಡಿದರೆ ಕೆಟ್ಟೆವು ಎಂಬುದು ಓಟಗಾರರ ನಡುವೆ ವೇದವಾಕ್ಯ. ನೀರಡಿಸಿದ್ದು ದನಕ್ಕೂ ತಿಳಿಯುತ್ತದೆ. ಮನುಷ್ಯನಿಗೆ ಮಾತ್ರ ಪೊಟ್ಟಣ ಹೇಳಬೇಕೇ?

1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆಂದು ಉಪ್ಪು, ಸಕ್ಕರೆ ಬೆರೆಸಿ ಗೇಟರೇಡ್ ಎಂಬ ಪಾನೀಯ ಮಾಡಿದರು. ಬಾಯಿಗಿಡಲಾಗದಂತಿದ್ದ ಅದಕ್ಕೆ ನಿಂಬೆರಸ ಹಿಂಡಲು ಹೇಳಿದ್ದು ಕೇಡ್ ಅವರ ಹೆಂಡತಿ. (ಪಾನಕ ಬಲ್ಲ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು.) ಬಿಸಿಲಲ್ಲಿ ಭಾರದ ಕವಚ ತೊಟ್ಟು ಆಡುವವರಿಗೆ ಅದು ಬೇಕಿತ್ತು. ಆದರೆ ಸಲಹೆ ಬೆಳೆಯುತ್ತ ಹೋಗಿ, 1996ರಲ್ಲಿ ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಯೇ ಬೆವರಿದಷ್ಟನ್ನು, ಇಲ್ಲವೇ ಹೊಟ್ಟೆ ತಡೆದಷ್ಟನ್ನು ಕುಡಿಯಿರಿ ಎಂದಿತು.

2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಅದೇ ಓಟದಲ್ಲಿ 28 ವರ್ಷದ ಯುವತಿಯೊಬ್ಬಳು ಹಾಗೆಯೇ ಸೋಡಿಯಂ ಇಳಿದು, ಮಿದುಳು ಊದಿಕೊಂಡು ತೀರಿಹೋದಳು. ಉಪ್ಪು ಬೆವರಾಗಿ ಹರಿದುಹೋದದ್ದು ಇದರ ಮುಖ್ಯ ಕಾರಣವಲ್ಲ, ಮಿತಿಮೀರಿ ಕುಡಿದದ್ದು. ಸೋಡಿಯಂ ಇಳಿದವರಲ್ಲಿ ಅನೇಕರ ತೂಕ ನಲವತ್ತೆರಡು ಕಿಲೋಮೀಟರ್ ಓಡಿದ ಮೇಲೆ ಏರಿತ್ತು! ಕುಡಿದದ್ದು ನೀರೋ ಕ್ರೀಡಾ ಪಾನೀಯವೋ ಎಂಬುದರಿಂದ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇದ್ದರೆ ಇಂಥ ಪಾನೀಯದಲ್ಲಿರುವುದು ಸುಮಾರು 20. ರಕ್ತದ ಮಟ್ಟಿಗೆ ಅದೂ ನೀರೇ.

ಹಾಗಾದರೆ ಕುಡಿದವರಿಗೆ ಹುರುಪು ಬರುವುದು ಸುಳ್ಳೇ? ಸುಳ್ಳಲ್ಲ, ಅದು ಬಹುಪಾಲು ಸಕ್ಕರೆಯ ಕೆಲಸ. ಒಂದೂವರೆ, ಎರಡು ಗಂಟೆ ಮೀರಿದರೆ ಸ್ನಾಯುಗಳ ಗ್ಲೈಕೋಜನ್ ಬರಿದಾಗತೊಡಗುತ್ತದೆ, ಆಗ ಸಕ್ಕರೆ ನಿಜಕ್ಕೂ ಬೇಕು. ಇನ್ನೂ ಸೋಜಿಗವೆಂದರೆ, 2004ರ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಸೈಕ್ಲಿಸ್ಟ್‌ಗಳು ಪಿಷ್ಟದ ದ್ರಾವಣವನ್ನು ಬರೀ ಮುಕ್ಕಳಿಸಿ ಉಗುಳಿದರು; ಗಂಟೆಯೊಂದರ ಸವಾರಿಯಲ್ಲಿ ಸುಮಾರು ಶೇ. 3ರಷ್ಟು ವೇಗ ಹೆಚ್ಚಿತು. ನುಂಗದೆಯೇ ಕೆಲಸ ಮಾಡಿದ್ದನ್ನು ಜಲಪೂರಣ ಎನ್ನಲಾದೀತೇ?

ಉಪ್ಪು-ಸಕ್ಕರೆಯ ಜೋಡಿಗೆ ಗೌರವ ಬಂದದ್ದು ಬೇರೆಡೆಯಿಂದ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಈ ಜೋಡಿಯಿಂದಲೇ: ಗ್ಲೂಕೋಸ್ ಮತ್ತು ಸೋಡಿಯಂ ಕೈಹಿಡಿದು ಕರುಳನ್ನು ದಾಟುತ್ತವೆ, ನೀರು ಹಿಂಬಾಲಿಸುತ್ತದೆ. ಆ ದ್ರಾವಣದ ಓಆರ್‌ಎಸ್ ಎಂಬ ಪುಣ್ಯದ ಹೆಸರನ್ನು ಸಿಹಿ ಪಾನೀಯಗಳು ಹೊತ್ತು ತಿರುಗಿದವು. 2025ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಅವುಗಳ ಲೇಬಲ್ಲಿನಿಂದ ಆ ಪದ ತೆಗೆಸಬೇಕಾಯಿತು.

ನೀರಡಿಕೆ ಎಂದೂ ತಪ್ಪದೆಂದು ನಾನು ಹೇಳುತ್ತಿಲ್ಲ. ವಯಸ್ಸಾದವರಲ್ಲಿ ಅದು ಮಂದವಾಗುತ್ತದೆ. ಉರಿಬಿಸಿಲಲ್ಲಿ ಐದಾರು ಗಂಟೆ ಓಡುವ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವ ದೇಹಕ್ಕೆ ಉಪ್ಪು ಬೇಕಾದೀತು. ಅಂಥವರು ಓಟಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಕ ನೋಡಿಕೊಳ್ಳಲಿ. ಒಂದು ಕಿಲೋ ಇಳಿದಿದ್ದರೆ ಮನೆಯ ಮಜ್ಜಿಗೆ ಸಾಕು. ಏರಿದ್ದರೆ ಮುಂದಿನ ಭಾನುವಾರ ಬಾಟಲಿ ಮನೆಯಲ್ಲೇ ಇರಲಿ.