ಮನೆಮಾತು: ತೊಟ್ಟಿಲೂ, ದತ್ತು ಪತ್ರವೂ

ಕೋಠಿಯಲ್ಲಿ ಹಳೇ ಪುಸ್ತಕದ ಅಂಗಡಿಗಳಿಗೆ ಬಂದಾಗ ದೊಡ್ಡ ಕಂಬಗಳ ಮಹಿಳಾ ಕಾಲೇಜು ನೋಡಿದ್ದೀರಲ್ಲ? ಅದು ಮೊದಲು ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟರ ಬಂಗಲೆ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಒಪ್ಪುವುದಿಲ್ಲ ಎಂದದ್ದೂ ಅದೇ ಕಂಪನಿ. ರಾಣಿ ಚೆನ್ನಮ್ಮ ಯುದ್ಧಕ್ಕೇ ನಿಂತಳು. ಈಚೆಗೆ ನಮ್ಮ ಓಣಿಯಲ್ಲೂ ಒಬ್ಬ ತಾಯಿಯ ಮಗುವನ್ನು ಕಂಪನಿ ಒಪ್ಪಲಿಲ್ಲ. ಇದು ವಿಮೆಯ ಕಂಪನಿ.

ಪಕ್ಕದ ಮನೆಯ ಹುಡುಗಿ, ನಿಮ್ಮ ಹಾಗೆ ಇಲ್ಲೇ ಹುಟ್ಟಿ ಬೆಳೆದವಳು. ಗಂಡ ಹೆಂಡತಿ ಸಂಬಂಧಿಕರ ಕೂಸನ್ನು ದತ್ತು ತಗೊಂಡರು. ಉಡಿ ತುಂಬಿ, ತೊಟ್ಟಿಲಿಗೆ ಹಾಕಿ, ಹೆಸರಿಟ್ಟರು. ಹೋಳಿಗೆ ಮಾಡಿದವಳು ನಾನೇ. ಪತ್ರ ಮಾಡಿಸುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೂರು ತಿಂಗಳಿಗೆ ಕೂಸಿಗೆ ನ್ಯುಮೋನಿಯಾ. ಆಸ್ಪತ್ರೆಯ ಕೌಂಟರಿನಲ್ಲಿ, "ಪಾಲಿಸಿಯಲ್ಲಿ ಮಗುವಿನ ಹೆಸರಿಲ್ಲ, ದತ್ತು ಪತ್ರವಿದೆಯೇ?" ಎಂದರು. "ಕಾಕು, ನಾ ಇದರ ಅವ್ವ ಅಲ್ಲೇನು?" ಅಂತ ಆಕೆ ಕೇಳಿದಳು. ಏನು ಹೇಳಲಿ? ಕೂಸು ಗುಣವಾಯಿತು, ಬಿಲ್ಲಿಗೆ ಬಳೆಗಳು ಹೋದವು.

ಆಮೇಲೆ ಕುಳಿತು ಓದಿದೆ. (ನನ್ನ ಬಿ.ಎ. ಇಂಗ್ಲಿಷು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು!) 1956ರ ಹಿಂದೂ ದತ್ತಕ ಕಾಯ್ದೆಯಂತೆ ದತ್ತಾದ ದಿನದಿಂದ ಮಗು ಆ ಮನೆಯದೇ. ಪತ್ರ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಾಯಿಸಿದ ಪತ್ರವಿದ್ದರೆ ದತ್ತು ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲ ಎನ್ನುವವರು ಸಾಬೀತು ಮಾಡಬೇಕು. ತೊಟ್ಟಿಲು ನಾವು ನೋಡಿದ್ದೇವೆ, ವಿಮೆಯ ಗುಮಾಸ್ತ ನೋಡಿಲ್ಲವಲ್ಲ! 2015ರ ಬಾಲನ್ಯಾಯ ಕಾಯ್ದೆಯಡಿ ದತ್ತು ಸಂಸ್ಥೆಯಿಂದ ತಂದ ಮಗುವಿಗೆ, 2022ರ ಸೆಪ್ಟೆಂಬರಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರೇ ಆದೇಶ ಕೊಡುತ್ತಾರೆ. 1948ರ ಇ.ಎಸ್.ಐ. ಕಾಯ್ದೆಯೇ ದತ್ತು ಮಗುವನ್ನು ಕುಟುಂಬದಲ್ಲಿ ಸೇರಿಸಿತ್ತು. ಆದರೆ ಅಕ್ಕನ ಮಗುವನ್ನು ಪ್ರೀತಿಯಿಂದ ಸಾಕಿದ ಮಾತ್ರಕ್ಕೆ ಅದು ದತ್ತಲ್ಲ, ಸಾಕುಮಗು. ನಮ್ಮ ಮನೆಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತೇವೆ.

ನಿಮ್ಮಲ್ಲಿ ಬಹಳ ಜನರಿಗೆ ಆಫೀಸಿನ ಗುಂಪು ವಿಮೆ ಇದೆ. ಮಗುವಿನ ಹೆಸರು ತಾನೇ ಸೇರುವುದಿಲ್ಲ. ಎಷ್ಟೋ ಪಾಲಿಸಿಗಳಲ್ಲಿ 30 ದಿನದೊಳಗೆ ತಿಳಿಸಬೇಕು, ತಪ್ಪಿದರೆ ನವೀಕರಣದ ತನಕ ಕಾಯಬೇಕು. ನಿಮ್ಮದರಲ್ಲಿ ಎಷ್ಟು ದಿನವೆಂದು ಇವತ್ತೇ ಕೇಳಿ. ಸಂಸ್ಥೆಯ ಮಗು ಆದೇಶಕ್ಕೆ ಮುಂಚೆಯೇ ಮನೆಗೆ ಬಂದಿರುತ್ತದೆ. ಆ ದಿನಗಳಿಗೂ ವಿಮೆ ಉಂಟೇ ಎಂದು ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿ 1993ರ ಕಾಯ್ದೆ, ದತ್ತಿಗಾಗಿ ಮಗು ಕೈಗೆ ಬಂದಂದಿನಿಂದಲೇ ಮಾಲೀಕರ ಗುಂಪು ವಿಮೆಯಲ್ಲಿ ಸೇರಿಸಬೇಕೆಂದಿತು.

ಪಕ್ಕದ ಮನೆಯವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪತ್ರ ಮಾಡಿಸಿದರು. ನವೀಕರಣದಲ್ಲಿ ಹೆಸರೂ ಸೇರಿತು. ಕೂಸು ಈಗ ಅಂಬೆಗಾಲಿಟ್ಟು ನಮ್ಮ ಮನೆಗೆ ಬರುತ್ತದೆ. ಇದನ್ನು ಬರೆಯುವಾಗ ಎರಡು ಹಾಳೆ ಹರಿದಿದೆ.