ಮೊಳೆ ಗನ್ನು ಕೆಟ್ಟರೆ ಹುಬ್ಬಳ್ಳಿಯೇ ಗತಿಯೇ?

ಸೋಫಾ, ಮಂಚ, ಕಪಾಟುಗಳನ್ನು ತಯಾರಿಸುವ ರೋಣ, ನರಗುಂದ, ಗಜೇಂದ್ರಗಡಗಳ ಸಣ್ಣ ಉದ್ಯಮಿಗಳಿಗೆ ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್ನು ಇಂದು ಸುತ್ತಿಗೆಯಷ್ಟೇ ಅಗತ್ಯವಾದ ಸಾಧನ. ಅದು ಕೆಟ್ಟ ದಿನವೂ ಕೆಲಸಗಾರರಿಗೆ ಕೂಲಿ ಕೊಡಲೇಬೇಕು. ಗಿರಾಕಿಗೆ ಕೊಟ್ಟ ಮಾತು ಮಾತ್ರ ತಪ್ಪುತ್ತದೆ. ಹೀಗಿದ್ದರೂ ಗನ್ನನ್ನು ಗದಗಕ್ಕೋ ಹುಬ್ಬಳ್ಳಿಗೋ ಕಳುಹಿಸಿ ಕಾಯುವುದು, ಇಲ್ಲವೇ ಮೂಲೆಗೆಸೆದು ಹೊಸದನ್ನು ಕೊಳ್ಳುವುದು, ಇವೆರಡೇ ದಾರಿಗಳೆಂದು ನಾವು ನಂಬಿದಂತಿದೆ. ಈ ನಂಬಿಕೆಯನ್ನು ಬಿಡಬೇಕಾಗಿದೆ.

ಈ ಸಾಧನದ ರಚನೆ ಸರಳ. ಟ್ರಿಗರ್ ಒತ್ತಿದಾಗ ವಾಲ್ವು ತೆರೆದು ಗಾಳಿಯು ಪಿಸ್ಟನ್ನನ್ನು ತಳ್ಳುತ್ತದೆ. ಅದಕ್ಕೆ ಜೋಡಿಸಿದ ಉಕ್ಕಿನ ಪಟ್ಟಿ ಮೊಳೆಯನ್ನು ಹೊಡೆಯುತ್ತದೆ. ಗಾಳಿ ಸೋರದಂತೆ ತಡೆಯುವುದು ರಬ್ಬರಿನ ಓ-ರಿಂಗುಗಳು. ಸೋರುವ ಜಾಗವೇ ದೋಷವನ್ನು ಹೇಳುತ್ತದೆ. ಟ್ರಿಗರಿನ ಬಳಿ ಸೋರಿದರೆ ಅಲ್ಲಿನ ವಾಲ್ವಿನ ರಿಂಗು, ಮೇಲಿನ ಮುಚ್ಚಳದಲ್ಲಿ ಸೋರಿದರೆ ತಲೆಯ ವಾಲ್ವಿನ ರಿಂಗು ಅಥವಾ ಸಡಿಲವಾದ ಸ್ಕ್ರೂ, ಮೂತಿಯಲ್ಲಿ ಸೋರಿದರೆ ಪಿಸ್ಟನ್ನಿನ ರಿಂಗು ಅಥವಾ ಕೆಳಗಿನ ರಬ್ಬರ್ ಬಂಪರ್ ಸವೆದಿರಬಹುದು. ಮೊಳೆ ಪೂರ್ತಿ ಇಳಿಯದಿದ್ದರೆ ಮೊದಲು ಒತ್ತಡವನ್ನು ನೋಡಬೇಕು. ಬಳಕೆಯಲ್ಲಿರುವ ಎಫ್-30 ಮಾದರಿಗೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ 60ರಿಂದ 100 ಪೌಂಡ್ ಒತ್ತಡ ಬೇಕು. ಅದರ ಮೊಳೆ 18 ಗೇಜಿನದು, 10ರಿಂದ 30 ಮಿ.ಮೀ. ಉದ್ದದ್ದು; ಅಳತೆ ತಪ್ಪಿದ ಮೊಳೆ ತುಂಬಿದರೆ ಸಿಕ್ಕಿಕೊಳ್ಳುವುದು ಖಂಡಿತ.

ಗನ್ನನ್ನು ಬಿಚ್ಚುವ ಮುನ್ನ ಗಾಳಿಯ ಪೈಪನ್ನು ಕಳಚಿ, ಮೊಳೆಗಳನ್ನು ಹೊರತೆಗೆಯಲೇಬೇಕು. ಮೂತಿಯಲ್ಲಿ ಸುರಕ್ಷಾ ತಡೆಯಿರುವ ಗನ್ನಿನಲ್ಲಿ ಅದನ್ನು ತಂತಿಯಿಂದ ಕಟ್ಟಿ ಕೆಲಸ ಮಾಡಿಸುವುದನ್ನು ಯಾವ ಮಾಲೀಕನೂ ಸಹಿಸಬಾರದು. ಕೆಲಸದ ವೇಗಕ್ಕಿಂತ ಕೆಲಸಗಾರನ ಕೈ ದೊಡ್ಡದು.

ದುರಸ್ತಿಗಿಂತ ನಿಗಾ ಅಗ್ಗ. ಪ್ರತಿದಿನ ಸಂಜೆ ಕಂಪ್ರೆಸರಿನ ಟ್ಯಾಂಕಿನಲ್ಲಿ ನಿಂತ ನೀರನ್ನು ಹೊರಬಿಡಬೇಕು. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ನಮ್ಮ ಎರೆ ಸೀಮೆಯ ಬೇಸಿಗೆಯ ಧೂಳಿಗೆ ಗಾಳಿಯ ಫಿಲ್ಟರನ್ನು ಆಗಾಗ ಸ್ವಚ್ಛಗೊಳಿಸಬೇಕು. ಗಾಳಿ ಒಳಹೋಗುವ ಬಾಯಿಗೆ ಈ ಸಾಧನಗಳಿಗೆಂದೇ ಇರುವ ಎಣ್ಣೆಯನ್ನು ಕೆಲವು ಹನಿ ಬಿಡಬೇಕು. ವಾಹನದ ಎಂಜಿನ್ ಆಯಿಲ್ ಕೆಲ ಬಗೆಯ ರಬ್ಬರನ್ನು ಕೆಡಿಸಬಲ್ಲದು.

ಹೊಣೆ ತಯಾರಕರದಷ್ಟೇ ಅಲ್ಲ. ಗನ್ನು ಮಾರುವ ವರ್ತಕರು ಅದರ ರಿಂಗುಗಳ ಜೊತೆಯನ್ನೂ, ಎಣ್ಣೆಯನ್ನೂ, ಉಕ್ಕಿನ ಪಟ್ಟಿಯನ್ನೂ ಅಂಗಡಿಯಲ್ಲಿಡಬೇಕು. ಬಂಡವಾಳ ಸಿಕ್ಕಿಕೊಳ್ಳುತ್ತದೆಂಬ ಅವರ ಆತಂಕ ಸಹಜವೇ. ಆದರೆ ಮೂರೂ ಊರುಗಳ ವರ್ತಕರು ಎರಡು ಮೂರು ಮಾದರಿಗಳನ್ನಷ್ಟೇ ಆಯ್ದುಕೊಂಡು ಬಿಡಿಭಾಗಗಳನ್ನು ಹಂಚಿಕೊಂಡರೆ ಆ ಭಾರ ಹಗುರಾದೀತು. ಕೊಳ್ಳುವವರೂ ಬೆಲೆ ಕೇಳುವ ಮುನ್ನ "ಬಿಡಿಭಾಗ ಸಿಗುತ್ತವೆಯೇ?" ಎಂದು ಕೇಳಲಿ. ಬಿಡಿಭಾಗ ಸಿಗದ ಅಗ್ಗದ ಗನ್ನು ಕೊನೆಗೆ ದುಬಾರಿಯೇ.

ಸಿಲಿಂಡರ್ ಬಿರುಕು ಬಿಟ್ಟರೆ ಹುಬ್ಬಳ್ಳಿಗೆ ಹೋಗೋಣ. ಒಂದು ರಬ್ಬರ್ ರಿಂಗಿಗಾಗಿ ಬಸ್ಸು ಹತ್ತುವುದು ಮಾತ್ರ ನಿಲ್ಲಲಿ. ಬಡಗಿಗಳಿಗೆ ಅರ್ಧ ದಿನದ ದುರಸ್ತಿ ತರಬೇತಿಯೊಂದನ್ನು ನಮ್ಮ ಸಂಸ್ಥೆಯೇ ಏರ್ಪಡಿಸಿದರೆ ಅದು ಸದಸ್ಯರಿಗೆ ಸಲ್ಲಿಸಿದ ನಿಜವಾದ ಸೇವೆಯಾದೀತು.