ಗಣಕದೊಳಗಿನ ಲಿಂಬೆಯ ತೋಟ

ಗಣಕಯಂತ್ರದ ಮುಂದೆ ಕುಳಿತ ಹುಡುಗನೆಂದರೆ ಆಟದಲ್ಲಿ ಮುಳುಗಿದ ಹುಡುಗನೆಂದೇ ನಾವೆಲ್ಲ ತಿಳಿಯುತ್ತೇವೆ. ಇಂಡಿಯಲ್ಲಿರುವ ನನ್ನ ತಂಗಿಯೂ ಹಾಗೆಯೇ ತಿಳಿದು, "ಅಣ್ಣಾ, ಇವಂಗ ನೀನರ ಬುದ್ಧಿ ಹೇಳು" ಎಂದು ನನ್ನನ್ನು ಕರೆಸಿದ್ದಳು. ಹೋಗಿ ನೋಡಿದರೆ ನನ್ನ ಸೋದರಳಿಯ ಆಟವಾಡುತ್ತಿರಲಿಲ್ಲ, ಆಟವೊಂದನ್ನು ಕಟ್ಟುತ್ತಿದ್ದ.

ಲಿಂಬೆಹಣ್ಣು ತುಂಬಿದ ಲಾರಿಯೊಂದು ಇಂಡಿಯಿಂದ ಹೊರಟು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಗಳನ್ನು ಸುತ್ತಿ ಬರಬೇಕು, ಅಷ್ಟೇ ಕಥೆ. ಆದರೆ ತೋಟದ ಬದಿಗೆ ಬಂದೊಡನೆ ಲಾರಿ ಮೊಂಡು ಎತ್ತಿನಂತೆ ನಿಂತು ನಿಂತು ಸಾಗುತ್ತಿತ್ತು.

"ಎಲಿ ಒಂದೊಂದೂ ಬ್ಯಾರೆ ಬ್ಯಾರೆ ಬರದೀನ್ರಿ ಮಾಮಾ" ಎಂದ ಹೆಮ್ಮೆಯಿಂದ.

ಕಾರಣ ಅಲ್ಲಿಯೇ ಇತ್ತು. ಮೇಜಿನ ಗಣಕದ ಸಾಮಾನ್ಯ ಪರದೆಯಲ್ಲಿ 1920ಕ್ಕೆ 1080ರಂತೆ 20 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿರುತ್ತವೆ. ಚಿತ್ರ ನಯವಾಗಿ ಚಲಿಸಬೇಕಾದರೆ ಸೆಕೆಂಡಿಗೆ 60 ಬಾರಿ ಅವಕ್ಕೆಲ್ಲ ಬಣ್ಣ ತುಂಬಬೇಕು. ಒಂದೊಂದು ಚಿತ್ರಕ್ಕೆ ದೊರೆಯುವ ಅವಧಿ ಸೆಕೆಂಡಿನ 60ನೆಯ ಒಂದು ಪಾಲು! ಅಷ್ಟರೊಳಗೆ ಸಾವಿರಾರು ಎಲೆಗಳಿಗೆ ಒಂದೊಂದು ಆಜ್ಞೆ ಹೊರಟರೆ ಯಾವ ಯಂತ್ರ ತಾಳೀತು? ಬಲ್ಲವರು ಒಂದೇ ಗೊಂಚಲನ್ನು ಬರೆದು, 'ಇದನ್ನೇ ಇಷ್ಟು ಕಡೆ ನಿಲ್ಲಿಸು' ಎಂದು ಗ್ರಾಫಿಕ್ಸ್ ಚಿಪ್‌ಗೆ ಒಮ್ಮೆಗೇ ಹೇಳಿಬಿಡುತ್ತಾರೆ. ದೂರದ ಗಿಡಗಳಂತೂ ಕಂಪನಿ ನಾಟಕದ ಪರದೆಯ ಮೇಲಿನ ಗಿಡಗಳಂತೆ ಬರಿಯ ಚಪ್ಪಟೆ ಚಿತ್ರಗಳು. ಹಾಗೆ ತಿದ್ದಿದ ಮೇಲೆ ಲಾರಿ ಓಡಿತು.

ಊರ ಹೆಸರಿನ ಫಲಕಗಳದು ಬೇರೆ ಪಾಡು. ಇಂಡಿ, ಸಿಂದಗಿಗಳ ಗುಡಿಸುಗಳು ಕಳಚಿ ಬಿದ್ದಿದ್ದವು. ಒತ್ತು ಕೆಳಗಿಳಿಯದೆ ಮುದ್ದೇಬಿಹಾಳವು 'ಮುದ್‌ದೇಬಿಹಾಳ'ವಾಗಿತ್ತು. ಅಕ್ಷರಗಳನ್ನು ಇಂಗ್ಲಿಷಿನಂತೆ ಸಾಲಾಗಿ ನಿಲ್ಲಿಸುವುದಷ್ಟೇ ಆ ಹಳೆಯ ತಂತ್ರಾಂಶಕ್ಕೆ ಗೊತ್ತು. ಗೊಡೋ ಎಂಬ ಉಚಿತ ತಂತ್ರಾಂಶದ 4ನೆಯ ಆವೃತ್ತಿ, 2023ರ ಮಾರ್ಚಿನಲ್ಲಿ ಹೊರಬಂದದ್ದು, ಒತ್ತಕ್ಷರಗಳನ್ನು ಬಲ್ಲದು. ಕಟ್ಟಿದ್ದನ್ನೆಲ್ಲ ಬಿಚ್ಚಿ ಅದರಲ್ಲಿ ಮತ್ತೆ ಕಟ್ಟುವಷ್ಟರಲ್ಲಿ ಹುಡುಗನಿಗೆ ಎರಡು ತಿಂಗಳು ಹಿಡಿಯಿತು.

ದಸರೆಗೆ ಮತ್ತೆ ಹೋದಾಗ ಮುದ್ದೇಬಿಹಾಳ ನೆಟ್ಟಗಾಗಿತ್ತು. ತಂಗಿಯ ಪ್ರಶ್ನೆ ಮಾತ್ರ ಹಾಗೆಯೇ ಇತ್ತು: "ಇದರಿಂದ ಹೊಟ್ಟಿ ತುಂಬತೈತೇನು?"

1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಪರದೇಶದ ಆಟಗಳಿಗೆ ಚಿತ್ರ ರಚಿಸಿಯೇ ಬೆಳೆದದ್ದನ್ನೂ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡದ್ದನ್ನೂ ಹೇಳಿದೆ. ಎಲ್ಲರಿಗೂ ಆ ಯೋಗವಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

ಅವಳ ಕಣ್ಣು ಪರದೆಯ ಮೇಲಿತ್ತು.

"ಅಲ್ಲೋ, ಲಿಂಬಿ ಗಿಡಕ್ಕ ಮುಳ್ಳ ಇರತಾವು. ಅವನ್ಯಾಕ ಬರದಿಲ್ಲ?" ಎಂದು ಮಗನನ್ನು ಕೇಳಿದಳು.